ಅತ್ತಿಮರದ ಪಡುವಣಕ್ಕೆ ಮೂರು ಮೊಳ

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ಅಡ್ಡಾಡಿ ಬೋರ್‌ವೆಲ್ಲಿಗೆ ಪಾಯಿಂಟ್ ತೋರಿಸುವವರನ್ನು ಕಂಡರೆ ಭೂವಿಜ್ಞಾನ ಓದಿದ ನನಗೆ ನಗು ಬರುತ್ತದೆ. ವರಾಹಮಿಹಿರನ ವಿಷಯದಲ್ಲಿ ಹಾಗೆ ನಕ್ಕು ಬಿಡಲಾಗುವುದಿಲ್ಲ. ಆರನೆಯ ಶತಮಾನದಲ್ಲಿ ಉಜ್ಜಯಿನಿಯ ಈ ಜ್ಯೋತಿಷಿ ತನ್ನ ಬೃಹತ್ಸಂಹಿತೆಯಲ್ಲಿ ಅಂತರ್ಜಲಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಅದರ ತುಂಬ ಮರ, ಹುತ್ತ, ಮಣ್ಣು, ಕಲ್ಲು.

ಅತ್ತಿಮರದ ಪಡುವಣಕ್ಕೆ ಮೂರು ಮೊಳ ಬಿಟ್ಟು ಎರಡೂವರೆ ಪುರುಷ ಅಗೆದರೆ ಒಳ್ಳೆಯ ನೀರಿನ ಸೆಲೆ; ನಡುವೆ ಒಂದು ಪುರುಷದಲ್ಲಿ ಬಿಳಿ ಹಾವು, ಆಮೇಲೆ ಕಾಡಿಗೆಯಂಥ ಕಲ್ಲು. ನೇರಳೆಯ ಮೂಡಣಕ್ಕೆ ಹುತ್ತವಿದ್ದರೆ ತೆಂಕಣ ಪಕ್ಕದಲ್ಲಿ, ಎರಡು ಪುರುಷದಲ್ಲೇ ಸಿಹಿನೀರು. ಹಾವನ್ನೂ ಮೊಳದ ಲೆಕ್ಕವನ್ನೂ ನಾನು ನಂಬುವುದಿಲ್ಲ. ಮರಗಳ ಆಯ್ಕೆಯನ್ನು ಮಾತ್ರ ಒಪ್ಪುತ್ತೇನೆ: ಅತ್ತಿ, ನೇರಳೆ, ಹೊಳೆಮತ್ತಿ ಹಳ್ಳದ ದಂಡೆ ಹುಡುಕಿ ಬೆಳೆಯುವಂಥವು. ಗೆದ್ದಲಿಗೂ ಗೂಡಿನೊಳಗೆ ತೇವ ಆರಬಾರದು.

ಪುರುಷ ಎಂದರೆ ಕೈಯೆತ್ತಿ ನಿಂತ ಆಳು, 120 ಅಂಗುಲ ಎಂದು ವ್ಯಾಖ್ಯಾನಕಾರ ಭಟ್ಟೋತ್ಪಲ. ಸುಮಾರು ಏಳೂವರೆ ಅಡಿ. ಎರಡೂವರೆ ಪುರುಷ ಇಪ್ಪತ್ತಡಿಯನ್ನೂ ಮುಟ್ಟುವುದಿಲ್ಲ. ಬೇರು ಇಳಿಯಬಲ್ಲ, ಗುದ್ದಲಿ ಹಿಡಿದವನೂ ಇಳಿಯಬಲ್ಲ ಆಳ ಅದು. ಈ ವಿದ್ಯೆ ಕನ್ನಡಕ್ಕೂ ಬಂತು: ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಬೇರೆಯವನು) 1025ರ ಸುಮಾರಿಗೆ ಬರೆದ ಲೋಕೋಪಕಾರದಲ್ಲಿ ಅಡುಗೆ, ಮರಗಿಡಗಳ ಆರೈಕೆ, ವಿಷವೈದ್ಯಗಳ ಜೊತೆಗೆ ಜಲಶೋಧನೆಯೂ ಇದೆ.

ಕೋಲಾರದ ಕಡೆ ಸಾವಿರ ಅಡಿ ದಾಟಿಸಿ ಬೋರ್ ಕೊರೆಸುವವರಿಗೆ ಇದರಿಂದ ಏನೂ ದಕ್ಕದು. ಅಷ್ಟು ಆಳದ ಕಲ್ಲಿನ ಬಿರುಕು ಯಾವ ಅತ್ತಿಮರಕ್ಕೆ ಗೊತ್ತು?

ಮನೆ ಕಟ್ಟುವ ಸೈಟಿಗಾದರೆ ಗಿಡದ ಸಾಕ್ಷಿ ಇನ್ನೂ ನಡೆಯುತ್ತದೆ, ಪಾಯಕ್ಕೆ ಬೇಕಾದದ್ದು ಮೇಲಿನ ಹತ್ತಡಿಯ ಸುದ್ದಿ ತಾನೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕ್ರೀಡಾಂಗಣವಾಗಿರುವ ಬೆಂಗಳೂರಿನ ಸುತ್ತ ಸೈಟು ನೋಡಲು ಕರೆದರೆ ನಾನು ಏಪ್ರಿಲ್‌ನಲ್ಲೇ ಹೋಗುತ್ತೇನೆ. ಸುತ್ತಲೂ ಒಣಗಿರುವಾಗ ಒಂದು ಮೂಲೆಯಲ್ಲಷ್ಟೇ ಜೊಂಡು, ಜೇಕು ಹಸಿರಾಗಿದ್ದರೆ, ಅದು ತುಂಬಿಸಿದ ಕೆರೆಯಂಗಳವೋ ಒಡೆದ ಪೈಪಿನ ನೀರೋ ತಿಳಿಯಬೇಕು. ಪತ್ರ ನೋಡುವ ಮೊದಲು ಅಲ್ಲೊಂದು ಆಳುದ್ದದ ಗುಂಡಿ ತೆಗೆಸಿ ಎನ್ನುತ್ತೇನೆ. ದಲ್ಲಾಳಿಗಳು ನನ್ನನ್ನು ಎರಡನೇ ಸಲ ಕರೆಯುವುದು ಕಡಿಮೆ.