ಮೇಲುಕೋಟೆಯಲ್ಲಿ ರಿಟೈರ್ ಆಗುವ ಮುನ್ನ

ಐಟಿಯಲ್ಲಿ ಹತ್ತು ವರ್ಷ ದಾಟಿದವರು ನಾಲ್ಕು ಜನ ಊಟಕ್ಕೆ ಕೂತರೆ ಒಂದು ಮಾತು ಬಂದೇ ಬರುತ್ತೆ: "ನಲವತ್ತೈದಕ್ಕೆ ಎಲ್ಲಾ ಬಿಟ್ಟು ಯಾವುದಾದ್ರೂ ಬೆಟ್ಟದ ಊರಿಗೆ ಹೋಗಿಬಿಡಬೇಕು ಗುರು." ಮೊದಲು ಈ ಮಾತಿನಲ್ಲಿ ಸಕಲೇಶಪುರ, ಚಿಕ್ಕಮಗಳೂರು ಬರ್ತಿದ್ದವು. ಈಗ ಮೇಲುಕೋಟೆಯೂ ಸೇರಿದೆ. ಕಾರಣಗಳು ಸುಲಭ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು, ರೈತರಲ್ಲದವರೂ ಹೊಲ ಕೊಳ್ಳಬಹುದಾಯ್ತು. 2023ರಲ್ಲಿ ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು. ನಾನು ನಾಗಮಂಗಲ ತಾಲ್ಲೂಕಿನ ಹಳ್ಳಿಯವನು ಅಂತ ಗೊತ್ತಾದ ಕೂಡಲೇ ಮುಂದಿನ ಪ್ರಶ್ನೆ, "ನಿಮ್ ಕಡೆ ಅರ್ಧ ಎಕರೆ ಇದ್ರೆ ಹೇಳಪ್ಪ."

ಹೇಳ್ತೀನಿ. ಆದರೆ ಅದಕ್ಕೂ ಮೊದಲು ಸ್ವಲ್ಪ ಇತಿಹಾಸ ಕೇಳಿ. ಯಾಕಂದ್ರೆ "ತಗ್ಗು ಬಿಟ್ಟು ತಂಪಾದ ಎತ್ತರಕ್ಕೆ ಹೋಗೋಣ" ಅನ್ನೋ ಐಡಿಯಾ ನಮ್ಮ ತಲೆಮಾರಿನದ್ದಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೆ ಇನ್ನೂರು ವರ್ಷದ ಹಳೇ ಉದಾಹರಣೆ ಇದೆ. ಅದರ ಹೆಸರು ಬೆಂಗಳೂರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಊರು ಇಂಗ್ಲಿಷರ ಕೈಗೆ ಬಂತು, ಸೈನ್ಯ ಅಲ್ಲೇ ಬೀಡುಬಿಟ್ಟಿತು. ಸುತ್ತ ಕಾವೇರಿ, ನಾಲೆ, ಭತ್ತದ ಗದ್ದೆ. ನೋಡೋಕೆ ಸ್ವರ್ಗ. ಆದರೆ ಸಿಪಾಯಿಗಳು ಜ್ವರದಲ್ಲಿ ಮಲಗತೊಡಗಿದರು. ಜ್ವರಕ್ಕೆ ಕೆಟ್ಟ ಗಾಳಿ ಕಾರಣ ಅಂತ ಆಗಿನವರ ನಂಬಿಕೆ. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡಿದ್ದು 1897ರಲ್ಲಿ, ಅಂದರೆ ಹತ್ತಿರ ನೂರು ವರ್ಷ ಆದಮೇಲೆ. ಆಗ ಅವರಿಗೆ ಕಂಡ ದಾರಿ ಊರು ಬಿಡೋದು. 1809ರಲ್ಲಿ ದಂಡು ಬೆಂಗಳೂರಿಗೆ ಹೋಯ್ತು.

ದಂಡು ಹೋದಮೇಲೆ ಪಟ್ಟಣದ ಗತಿ ಏನಾಯ್ತು? ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬಹುದು ಅಂತ ಬುಕಾನನ್ ಅಂದಾಜು ಮಾಡಿದ್ದ. 1800ರಲ್ಲಿ ಅವನೇ ಬಂದಾಗ ಸಿಕ್ಕ ಲೆಕ್ಕ 31,895. 1852ರ ಹೊತ್ತಿಗೆ 12,744. ರಾಜಧಾನಿ ಮೈಸೂರಿಗೆ ಹೋಗಿದ್ದೂ ಇದಕ್ಕೊಂದು ದೊಡ್ಡ ಕಾರಣ, ನಿಜ. ಆದರೆ ಉಳಿದವರನ್ನೂ ಜ್ವರ ನೆಮ್ಮದಿಯಾಗಿ ಇರೋಕೆ ಬಿಡಲಿಲ್ಲ.

ಹತ್ತಿರದಲ್ಲೇ ಇನ್ನೊಂದು ಎತ್ತರ ಇತ್ತು. ಈಗ ಪಾಂಡವಪುರ ಅಂತೀವಲ್ಲ, ಅದರ ಹಳೇ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪು ಚಾಕರಿಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಇದ್ದದ್ದರಿಂದ ಅದು "ಫ್ರೆಂಚ್ ರಾಕ್ಸ್" ಆಯ್ತು. ಆಮೇಲೆ ಮದ್ರಾಸ್ ಸೈನ್ಯದ ಒಂದು ತುಕಡಿಯೂ ಎಷ್ಟೋ ವರ್ಷ ಅಲ್ಲೇ ಇತ್ತು. ಒಂದು ಕಾಲದಲ್ಲಿ ರೈಲ್ವೆ ಸ್ಟೇಷನ್ನಿನ ಹೆಸರೂ ಫ್ರೆಂಚ್ ರಾಕ್ಸ್. ಈಗ ಕುಂತಿ ಬೆಟ್ಟಕ್ಕೆ ಟ್ರೆಕ್ಕಿಂಗ್ ಹೋಗಿ ಸೆಲ್ಫಿ ತೆಗೆದುಕೊಳ್ಳೋರು ನಿಂತಿರೋದು ಆ ಊರಿನ ನೆತ್ತಿಯ ಮೇಲೇನೆ.

ಬೆಂಗಳೂರಿಗೆ ಬರೋಣ. ಸುಮಾರು 900 ಮೀಟರ್ ಎತ್ತರ, ತಂಪು ಹವೆ, ಜ್ವರ ಕಡಿಮೆ. ದಂಡಿನ ಹಿಂದೆ ವ್ಯಾಪಾರ ಬಂತು, ಆಮೇಲೆ ಪಿಂಚಣಿದಾರರು ಬಂದರು. ಊರಿಗೆ "ಪಿಂಚಣಿದಾರರ ಸ್ವರ್ಗ" ಅನ್ನೋ ಬಿರುದೇ ಬಂತು. ಇದರ ಜೊತೆಗೆ ಇನ್ನೊಂದು ಕನಸು: 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಊರಾಚೆ 3,900 ಎಕರೆ ಕೊಟ್ಟರು. ಬೇಸಾಯ ಮಾಡ್ಕೊಂಡು ಹಳ್ಳಿಯಲ್ಲಿ ನೆಮ್ಮದಿಯಾಗಿರಲಿ ಅಂತ. ಆ ಹಳ್ಳಿಯ ಹೆಸರು ವೈಟ್‌ಫೀಲ್ಡ್. ಹೌದು ಸ್ವಾಮಿ, ನೀವು ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು ತಲುಪೋ ಅದೇ ವೈಟ್‌ಫೀಲ್ಡ್.

ಎತ್ತರದ ಊರಿಗೆ ಒಂದು ಕಷ್ಟ ಇದೆ. ನೀರು ತಗ್ಗಿಗೆ ಹರಿಯುತ್ತೆ. ಕೆರೆಗಳು ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ತಂದರು. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನೇ ತಂದರು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ, ಹತ್ತಿರ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ. ಶ್ರೀರಂಗಪಟ್ಟಣದ ಕೋಟೆ ಬಳಸಿ ಹೋದ ಅದೇ ಹೊಳೆ. ನದಿ ದಂಡೆ ಬಿಟ್ಟು ಬೆಟ್ಟ ಹತ್ತಿದವರು ಕೊನೆಗೆ ನದಿಯನ್ನೇ ಬೆಟ್ಟ ಹತ್ತಿಸಬೇಕಾಯ್ತು.

ಈಗ ಮೇಲುಕೋಟೆ ನೋಡಿ. ಅದರ ಎತ್ತರವೂ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ, ಸ್ವಲ್ಪ ಜಾಸ್ತಿ ಅನ್ನಬಹುದು. ಹೊಳೆ ಇಲ್ಲ, ಎಲ್ಲಾ ಕಲ್ಲುಬಂಡೆ. ಆದರೂ ಒಂದು ಊರು ಅಲ್ಲಿ ನೂರಾರು ವರ್ಷ ಬಾಳಿದೆ. ಹೆಂಗೆ?

ಆ ಊರಿಗೆ ವಯಸ್ಸಾದ ಮೇಲೆ ಬಂದವರಲ್ಲಿ ಎಲ್ಲರಿಗೂ ಗೊತ್ತಿರೋ ಹೆಸರು ರಾಮಾನುಜಾಚಾರ್ಯರದ್ದು. ಸಂಪ್ರದಾಯದ ಲೆಕ್ಕದಲ್ಲಿ ಅವರು ಹುಟ್ಟಿದ್ದು 1017ರಲ್ಲಿ. ಚೋಳರ ಕಾಟಕ್ಕೆ ಹೊಯ್ಸಳ ನಾಡಿಗೆ ಬಂದು, ತೊಣ್ಣೂರಿನಲ್ಲಿದ್ದು, ಮೇಲುಕೋಟೆ ತಲುಪುವಾಗ ಅವರಿಗೆ ಎಂಬತ್ತರ ಆಸುಪಾಸು. ನಮ್ಮ ಲೆಕ್ಕದಲ್ಲಿ ರಿಟೈರ್ ಆಗಿ ಇಪ್ಪತ್ತು ವರ್ಷ! ಆ ವಯಸ್ಸಿನಲ್ಲಿ ಅವರು ಮಾಡಿದ್ದು ಅಂತ ಪರಂಪರೆ ಹೇಳೋದು ಇಷ್ಟು: ಕಾಡು ಬಿಡಿಸಿ ದೇವಸ್ಥಾನ ಎಬ್ಬಿಸಿದರು, ಪೂಜೆಗೆ ಕಟ್ಟಳೆ ಮಾಡಿದರು, ಅಸ್ಪೃಶ್ಯರು ಅನ್ನಿಸಿಕೊಂಡಿದ್ದವರನ್ನು ತಿರುಕುಲದವರು ಅಂತ ಕರೆದು ವರ್ಷಕ್ಕೆ ಮೂರು ದಿನ ದೇವಸ್ಥಾನದೊಳಗೆ ಬಿಡಿಸಿದರು. ವರ್ಷವಿಡೀ ಬಾಗಿಲು ತೆರೀಲಿಲ್ಲ ಅನ್ನೋದೂ ನಿಜ, ಮುಂದೆ ಶತಮಾನಗಟ್ಟಲೆ ಬಹುಪಾಲು ದೇವಸ್ಥಾನಗಳು ಅಷ್ಟನ್ನೂ ಮಾಡಲಿಲ್ಲ ಅನ್ನೋದೂ ನಿಜ. ಹನ್ನೆರಡು ವರ್ಷ ಇದ್ದು, ಮತ್ತೆ ಶ್ರೀರಂಗಕ್ಕೆ ಹೋದರು.

ಊರಿನ ಇನ್ನೊಂದು ಗುಟ್ಟು ಕೊಳಗಳು. ಕಲ್ಯಾಣಿ ಒಂದೇ ಅಲ್ಲ, ಬೆಟ್ಟದ ತುಂಬ ಕೊಳಗಳಿವೆ. ಅಕ್ಕ-ತಂಗಿ ಕೊಳ ನೋಡಿದ್ದೀರಾ? ಅಕ್ಕಪಕ್ಕದಲ್ಲೇ ಎರಡು ಕೊಳ, ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಬೇರೆ ಬಳಕೆಗೆ. ಪಂಪು, ಪೈಪು ಇಲ್ಲದ ಕಾಲದಲ್ಲಿ ಬಿದ್ದ ಮಳೆಯನ್ನು ಹಿಡಿದು, ಹೂಳೆತ್ತಿ, ಹಂಚಿಕೊಂಡು ಬದುಕಿದ ಲೆಕ್ಕ ಅದು. ಒಬ್ಬರ ಕೈಲಿ ಆಗೋ ಕೆಲಸವಲ್ಲ. ಊರು ಕೂಡಬೇಕು.

ಎತ್ತರ ಅಂದ್ರೆ ಸುರಕ್ಷಿತ ಅಂತಲೂ ಅಲ್ಲ. 1771ರಲ್ಲಿ ಚಿನಕುರುಳಿ ಬಳಿ ಹೈದರ್ ಮರಾಠರಿಗೆ ಸೋತ ಮೇಲೆ ಮೇಲುಕೋಟೆ ಲೂಟಿಯಾಯ್ತು. ಆಮೇಲೂ ಊರು ಎದ್ದಿತು, ವೈರಮುಡಿ ಜಾತ್ರೆ ನಡೀತಾ ಬಂತು. ಯಾಕಂದ್ರೆ ಅಲ್ಲಿನವರಿಗೆ ಮಾಡೋಕೆ ಕೆಲಸ ಇತ್ತು.

ಇಪ್ಪತ್ತನೇ ಶತಮಾನದಲ್ಲಿ ಮಾತ್ರ ಲೆಕ್ಕ ತಿರುಗಿತು. ಮೇಲುಕೋಟೆಯಲ್ಲೇ ಹುಟ್ಟಿದ ಪು.ತಿ.ನ. ಸರ್ಕಾರಿ ನೌಕರಿಗೆ ಹೊರಗೆ ಹೋದರು, ಕೊನೆಗಾಲ ಕಳೆದಿದ್ದು ಬೆಂಗಳೂರಿನಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಕೂಡ ಅಷ್ಟೆ. ಹಳ್ಳಿಯನ್ನು ಅಷ್ಟು ಪ್ರೀತಿಸಿದವರೂ ಪೇಟೆಯಲ್ಲೇ ಉಳಿದರು. ಅವರನ್ನು ದೂರೋ ಹಾಗಿಲ್ಲ. ಕೆಲಸ, ಆಸ್ಪತ್ರೆ, ಮಕ್ಕಳು, ಎಲ್ಲಾ ಅಲ್ಲೇ ಇದ್ದವು. ನಮ್ಮ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಹತ್ತಿರ ಆದಿಚುಂಚನಗಿರಿ ಮಠದ ಮೆಡಿಕಲ್ ಕಾಲೇಜು ಶುರುವಾಗಿದ್ದೇ 1980ರ ದಶಕದಲ್ಲಿ.

ಅದೇ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಬಂದವರೂ ಇದ್ದರು. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿ ಮೇಲುಕೋಟೆಗೆ ಬಂದು 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಮಕ್ಕಳು, ಖಾದಿ, ನೇಯ್ಗೆ ಅಂತ ಆಯುಷ್ಯ ಅಲ್ಲೇ ಸವೆಸಿದರು. ಅವರು ಬಂದದ್ದು ಸುಸ್ತಾಗಿ ಅಲ್ಲ, ಕೆಲಸಕ್ಕೆ.

ಈಗ ನನಗೆ ಕಾಣೋ ಲೆಕ್ಕ ಇಷ್ಟೇ. ಗಾಳಿ ಚೆನ್ನಾಗಿದೆ ಅಂತ ಬರೋರು ಹೆಚ್ಚಾದ ಊರು ಬೆಂಗಳೂರಾಗುತ್ತೆ. ಕೊಳದ ಹೂಳೆತ್ತೋಕೆ ಬರೋರು ಇದ್ದ ಊರು ಮೇಲುಕೋಟೆಯಾಗೇ ಉಳಿಯುತ್ತೆ. ನಾವು ಅರ್ಧ ಎಕರೆ ಕೊಂಡು, ಬೇಲಿ ಹಾಕಿ, ಸಾವಿರ ಅಡಿ ಬೋರ್ ಕೊರೆಸಿ, ವರ್ಷಕ್ಕೆ ಆರು ವೀಕೆಂಡ್ ಬಂದು ಹೋದರೆ ಪಕ್ಕದ ಹೊಲದ ರಾಗಿ ಬೆಳೆಯೋನ ಬೋರು ಬತ್ತುತ್ತೆ. ಅವನು ಹೊಲ ಮಾರಿ ಬೆಂಗಳೂರಿಗೆ ಬರ್ತಾನೆ, ನಿಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯುರಿಟಿಯಾಗಿ.

ಹಾಗಂತ ಬರಬೇಡಿ ಅಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಬೀಗ ಬಿದ್ದ ಮನೆಗಳು ಬೇಕಾದಷ್ಟಿವೆ. ಜನ ಬಂದರೆ ಸಂತೋಷವೇ. ಆದರೆ ಸೈಟು ನೋಡೋಕೆ ಮಳೆಗಾಲದಲ್ಲಿ ಬರಬೇಡಿ, ಆಗ ಎಲ್ಲಾ ಬೆಟ್ಟವೂ ಚೆಂದ. ಏಪ್ರಿಲ್‌ನಲ್ಲಿ ಬನ್ನಿ. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತೆ, ರಾತ್ರಿ ಎದೆನೋವು ಬಂದರೆ ಯಾರ ಗಾಡಿ ಸಿಗುತ್ತೆ ಅಂತ ಬ್ರೋಕರ್‌ನ ಬಿಟ್ಟು ಅಂಗಡಿಯವರನ್ನು ಕೇಳಿ. ಅವರೂ ನಿಮಗೊಂದು ಪ್ರಶ್ನೆ ಕೇಳ್ತಾರೆ: "ಇಲ್ಲಿ ಬಂದು ಏನ್ ಮಾಡ್ತೀರಾ ಸಾ?" ಅದಕ್ಕೆ ಉತ್ತರ ಇಟ್ಕೊಂಡೇ ಬನ್ನಿ.