ಮರ ಬಳಸಿ ಮನೆ ಕಟ್ಟುವವರಿಗೆ ಮಾಹಿತಿ: ಮುಂಗಡ ಯೋಜನೆ ಮತ್ತು ವೆಚ್ಚದ ಅಂದಾಜು

ಮಲೆನಾಡು, ಕೊಡಗು ಹಾಗೂ ಕರಾವಳಿ ಜಿಲ್ಲೆಗಳಲ್ಲಿ ಮರದ ಕಂಬ, ತೊಲೆ, ಪಕಾಸಿ ಮತ್ತು ರೀಪುಗಳ ಮೇಲೆ ಹೆಂಚು ಹೊದಿಸಿ ಮನೆ ಕಟ್ಟುವ ಪದ್ಧತಿ ಹಿಂದಿನಿಂದಲೂ ರೂಢಿಯಲ್ಲಿದೆ. ಸಿಮೆಂಟು, ಇಟ್ಟಿಗೆಗಳಂತೆ ಮರವನ್ನೂ ಬೇಕಾದ ದಿನ ತರಿಸಿಕೊಳ್ಳಬಹುದೆಂದು ಭಾವಿಸಿ ಅಂದಾಜು ಪಟ್ಟಿ ತಯಾರಿಸುವುದು ಸರಿಯಲ್ಲ. ಮರ ಕಡಿಯಲು ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು, ಕೊಯ್ದ ಮೇಲೆ ಒಣಗಲು ಕಾಲಾವಕಾಶ ಬೇಕು. ಆದ್ದರಿಂದ ಮನೆಯ ತಳಪಾಯ ಹಾಕುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಮರದ ಲೆಕ್ಕ ಆರಂಭಿಸುವುದು ಸೂಕ್ತ. ಸಾರ್ವಜನಿಕರ ಅನುಕೂಲಕ್ಕಾಗಿ ಮುಖ್ಯ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಬೇಕಾಗುವ ಮರದ ಪಟ್ಟಿ

ನಕ್ಷೆ ಸಿದ್ಧವಾದ ಕೂಡಲೇ ಪ್ರತಿಯೊಂದು ತುಂಡಿನ ಅಗಲ, ದಪ್ಪ, ಉದ್ದ ಮತ್ತು ಸಂಖ್ಯೆಯನ್ನು ಬರೆದುಕೊಳ್ಳಬೇಕು. ಅಗಲ ಮತ್ತು ದಪ್ಪವನ್ನು ಅಂಗುಲಗಳಲ್ಲಿ, ಉದ್ದವನ್ನು ಅಡಿಗಳಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ದೊರೆಯುತ್ತದೆ. ಉದಾಹರಣೆಗೆ, 4 ಅಂಗುಲ ಅಗಲ, 3 ಅಂಗುಲ ದಪ್ಪ, 12 ಅಡಿ ಉದ್ದದ ಒಂದು ಪಕಾಸಿ ಎಂದರೆ 1 ಘನ ಅಡಿ. ಇಂತಹ 24 ಪಕಾಸಿಗಳಿಗೆ 24 ಘನ ಅಡಿ ಬೇಕು. ಉದ್ದನೆಯ ತೊಲೆಗಳು ಸುಲಭವಾಗಿ ದೊರೆಯುವುದಿಲ್ಲ, ದರವೂ ಹೆಚ್ಚು. ದೊರೆಯುವ ಮರದ ಉದ್ದಕ್ಕೆ ತಕ್ಕಂತೆ ಕೋಣೆಯ ಅಗಲವನ್ನು ನಿಗದಿಪಡಿಸಿದರೆ ಉಳಿತಾಯವಾಗುತ್ತದೆ.

2. ಮರದ ಮೂಲ

ಅರಣ್ಯ ಇಲಾಖೆಯ ನಾಟಾ ಸಂಗ್ರಹಾಲಯಗಳಲ್ಲಿ ನಡೆಯುವ ಹರಾಜು, ಪರವಾನಗಿ ಹೊಂದಿರುವ ಸಾಮಿಲ್ ಹಾಗೂ ವ್ಯಾಪಾರಿಗಳು, ಸ್ವಂತ ಜಮೀನಿನಲ್ಲಿರುವ ಮರಗಳು ಮತ್ತು ಕಳಚಿದ ಹಳೆಯ ಮನೆಯ ಮರ ಇವು ಮುಖ್ಯ ಮೂಲಗಳು. ಹಳೆಯ ಮರ ಚೆನ್ನಾಗಿ ಒಣಗಿರುತ್ತದೆ. ಆದರೆ ಮೊಳೆ, ತೂತು ಮತ್ತು ಗೆದ್ದಲು ಹಿಡಿದ ಭಾಗಗಳನ್ನು ಕಳೆದು ಉಪಯೋಗಕ್ಕೆ ಬರುವ ಉದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

3. ಅನುಮತಿ ಮತ್ತು ರಹದಾರಿ

ಸ್ವಂತ ಜಮೀನಿನ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ವೃಕ್ಷಾಧಿಕಾರಿಗಳ ಪೂರ್ವಾನುಮತಿ ಅಗತ್ಯ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕಡಿದ ಮರದ ಬದಲಿಗೆ ಗಿಡ ನೆಡುವ ಹೊಣೆಯೂ ಅನುಮತಿ ಪಡೆದವರ ಮೇಲಿರುತ್ತದೆ. ಕಡಿದ ಮರವನ್ನು ಸಾಗಿಸಲು ಕರ್ನಾಟಕ ಅರಣ್ಯ ನಿಯಮಗಳು, 1969ರ ರೀತ್ಯಾ ರಹದಾರಿ ಪಡೆಯಬೇಕು. ದಾಖಲೆ ಇಲ್ಲದ ಮರವನ್ನು ಕಡಿಮೆ ದರಕ್ಕೆ ಕೊಳ್ಳುವುದು ಉಳಿತಾಯವಲ್ಲ. ಅಂತಹ ಮರವನ್ನೂ ಅದನ್ನು ಸಾಗಿಸಿದ ವಾಹನವನ್ನೂ ವಶಪಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ.

4. ನಿಜವಾದ ದರ

ದಿಮ್ಮಿಯ ದರವೇ ಮನೆಗೆ ಬಳಸುವ ಮರದ ದರವಲ್ಲ. ತೊಗಟೆ, ಎಳೆಯ ಹೊರಮರ, ಬಿರುಕು ಮತ್ತು ಗರಗಸದ ಹೊಟ್ಟಿನಲ್ಲಿ ಗಣನೀಯ ಭಾಗ ಕಳೆದುಹೋಗುತ್ತದೆ. ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಈ ಉದಾಹರಣೆ ನೀಡಲಾಗಿದೆ. ಇವು ಮಾರುಕಟ್ಟೆ ದರಗಳಲ್ಲ.

ದಿಮ್ಮಿ, 100 ಘನ ಅಡಿ, ತಲಾ ರೂ. 1,000ರಂತೆ: ರೂ. 1,00,000
ತೆರಿಗೆ ಮತ್ತು ಶುಲ್ಕ: ರೂ. 18,000
ಹೇರುವಿಕೆ ಮತ್ತು ಸಾಗಾಣಿಕೆ: ರೂ. 14,000
ಕೊಯ್ಯುವ ಕೂಲಿ: ರೂ. 8,000
ಗೆದ್ದಲು ನಿರೋಧಕ ಮತ್ತು ಒಣಗಿಸುವ ವೆಚ್ಚ: ರೂ. 4,000
ಒಟ್ಟು: ರೂ. 1,44,000

ಕೊಯ್ದ ಮೇಲೆ ಉಪಯೋಗಕ್ಕೆ 60 ಘನ ಅಡಿ ದೊರೆತರೆ ನಿಜವಾದ ದರ ಘನ ಅಡಿಗೆ ರೂ. 2,400. ದಿಮ್ಮಿಯ ದರವನ್ನೇ ನಂಬಿ ಅಂದಾಜು ಹಾಕಿದವರಿಗೆ ಮಾಡು ಏರಿಸುವ ಹೊತ್ತಿಗೆ ಹಣ ಸಾಲದೆ ಬರುತ್ತದೆ.

5. ಒಣಗಿಸುವಿಕೆ

ಹಸಿ ಮರ ಒಣಗುವಾಗ ಉದ್ದದಲ್ಲಿ ಬಹುಮಟ್ಟಿಗೆ ಕುಗ್ಗುವುದಿಲ್ಲ; ಅಗಲ ಮತ್ತು ದಪ್ಪದಲ್ಲಿ ಕುಗ್ಗುತ್ತದೆ. ಹಸಿಯಾಗಿಯೇ ಬಳಸಿದರೆ ಜೋಡಣೆಗಳು ಸಡಿಲಗೊಂಡು, ಬಾಗಿಲವಾಡ ಸೊಟ್ಟಗಾಗಿ, ಹೆಂಚು ಸರಿದು ಮಳೆನೀರು ಸೋರುತ್ತದೆ. ಗಟ್ಟಿ ಮರವನ್ನು ನೆರಳಿನಲ್ಲಿ ಒಣಗಿಸಲು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಸ್ಥೂಲ ಲೆಕ್ಕ. ಕೊಯ್ದ ಮರವನ್ನು ನೆಲದಿಂದ ಎತ್ತರದಲ್ಲಿ, ಸಾಲುಗಳ ನಡುವೆ ತೆಳು ಪಟ್ಟಿಗಳನ್ನಿಟ್ಟು, ಗಾಳಿಯಾಡುವಂತೆ ಸೂರಿನಡಿ ಅಟ್ಟಿ ಹಾಕಬೇಕು. ತೆಳು ತುಂಡುಗಳು ಬೇಗ ಒಣಗುತ್ತವೆ. ದಪ್ಪನೆಯ ತೊಲೆ, ಕಂಬಗಳನ್ನು ಎಲ್ಲಕ್ಕಿಂತ ಮೊದಲು ಕೊಯ್ಸುವುದು ಒಳ್ಳೆಯದು. ತೇವಾಂಶದ ಮಿತಿಗಳನ್ನು ಭಾರತೀಯ ಮಾನಕ 287ರಲ್ಲಿ ಸೂಚಿಸಲಾಗಿದೆ.

6. ಹಣದ ಹೊಂದಾಣಿಕೆ

ಬ್ಯಾಂಕುಗಳು ಗೃಹ ಸಾಲವನ್ನು ಸಾಮಾನ್ಯವಾಗಿ ಕಾಮಗಾರಿಯ ಹಂತಗಳಿಗೆ ಅನುಗುಣವಾಗಿ ಬಿಡುಗಡೆ ಮಾಡುತ್ತವೆ. ಮರದ ಖರ್ಚಾದರೋ ತಳಪಾಯಕ್ಕೂ ಮೊದಲೇ ಬರುತ್ತದೆ. ಆದ್ದರಿಂದ ಈ ಮೊತ್ತವನ್ನು ಸ್ವಂತ ಉಳಿತಾಯದಿಂದ ಹೊಂದಿಸಿಕೊಳ್ಳುವ ಬಗ್ಗೆ ಅಥವಾ ಬ್ಯಾಂಕಿನಲ್ಲಿ ಮುಂಚಿತವಾಗಿ ಮಾತನಾಡುವ ಬಗ್ಗೆ ಯೋಚಿಸಬೇಕು. ಮರದ ಬಾಬಿನಲ್ಲಿ ಶೇ. 10ರಷ್ಟನ್ನು ಅನಿರೀಕ್ಷಿತ ವೆಚ್ಚಕ್ಕಾಗಿ ತೆಗೆದಿರಿಸುವುದು ಕ್ಷೇಮ.

7. ಕಾಲಪಟ್ಟಿ

ಮಳೆಗಾಲದಲ್ಲಿ ಅನುಮತಿಗೆ ಅರ್ಜಿ. ದೀಪಾವಳಿಯ ನಂತರ ಕಡಿತ ಮತ್ತು ಕೊಯ್ತ. ಮುಂದಿನ ಮಳೆಗಾಲ ಮುಗಿಯುವವರೆಗೆ ಒಣಗಿಸುವಿಕೆ. ಆ ಬಳಿಕ ತಳಪಾಯ. ಏಪ್ರಿಲ್ ಒಳಗೆ ಮಾಡು. ಈ ಕ್ರಮ ತಪ್ಪಿದಲ್ಲಿ ಗೋಡೆಗಳು ಜೂನ್ ತಿಂಗಳ ಮಳೆಗೆ ತೆರೆದುಕೊಂಡು ನಿಲ್ಲುವ ಸಂಭವವಿರುತ್ತದೆ.

8. ದಾಖಲೆಗಳು

ಅನುಮತಿ ಪತ್ರ, ರಹದಾರಿ, ಹರಾಜಿನ ರಸೀದಿ ಮತ್ತು ಸಾಮಿಲ್ ಬಿಲ್ಲುಗಳನ್ನು ಮನೆ ಪೂರ್ಣಗೊಂಡ ನಂತರವೂ ಜೋಪಾನವಾಗಿರಿಸಬೇಕು. ಮುಂದೆ ಅದೇ ಮರವನ್ನು ಕಳಚಿ ಬೇರೆಡೆ ಸಾಗಿಸಬೇಕಾದಾಗ ಇವೇ ಆಧಾರ.

ಅನುಮತಿ ಮತ್ತು ರಹದಾರಿಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.