ಕಣ್ಣಿಗೆ ಕನ್ನಡ, ಕಿವಿಗೆ ಪೌಂಡು: ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಅಂಧ ಓದುಗರು

ಕನ್ನಡ ಎಂ.ಎ. ಓದುವ ಅಂಧ ವಿದ್ಯಾರ್ಥಿಯೊಬ್ಬಳು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹಳೆಯ ಪಿಎಚ್.ಡಿ. ಪ್ರಬಂಧವೊಂದನ್ನು ತೆರೆದಳು ಎಂದುಕೊಳ್ಳೋಣ. ಪರದೆಯ ಮೇಲಿರುವುದು ಅಚ್ಚುಕಟ್ಟಾದ ಕನ್ನಡ. ಆದರೆ ‘ಕನ್ನಡ’ ಎಂಬ ಪದ ಬಂದಾಗ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಸಿಗುವುದು ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ. ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳಲ್ಲಿ ‘ಕ’ ಕುಳಿತಿರುವುದು ಪಿ ಅಕ್ಷರದ ಮನೆಯಲ್ಲಿ, ‘ನ’ ಪೌಂಡಿನ ಮನೆಯಲ್ಲಿ, ‘ಡ’ ಕ್ಯೂ ಮನೆಯಲ್ಲಿ. ತಲೆಕಟ್ಟಿಗೆ ಬೇರೆಯದೇ ಸಂಕೇತ. ಕಣ್ಣಿದ್ದವರಿಗೆ ಈ ಬಾಡಿಗೆ ಮನೆಯ ವ್ಯವಹಾರ ಗೊತ್ತೇ ಆಗುವುದಿಲ್ಲ.

ಕಾನೂನಿನ ಕೊರತೆ ಇಲ್ಲಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಅಂಗವಿಕಲ ಓದುಗರಿಗಾಗಿ ಕೃತಿಗಳನ್ನು ಅವರು ಓದಬಲ್ಲ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದ ಸೀಟುಗಳು ಮೀಸಲು. ಸೀಟು ಸಿಕ್ಕ ಮೇಲೆ ಓದುವುದೇನನ್ನು ಎಂಬ ಪ್ರಶ್ನೆ ಗ್ರಂಥಾಲಯದ ಮೇಜಿಗೆ ಬರುತ್ತದೆ.

ಅಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಧ್ವನಿಮುದ್ರಣ: ಸ್ವಯಂಸೇವಕರು ಓದುತ್ತಾರೆ, ವಿದ್ಯಾರ್ಥಿ ಕೇಳುತ್ತಾಳೆ. ಕಾದಂಬರಿಗೆ ಇದು ಸಾಕು. ಸಂಶೋಧನೆಗೆ ಸಾಲದು. ಪುಟಸಂಖ್ಯೆ ಬೇಕು, ಅಡಿಟಿಪ್ಪಣಿ ಬೇಕು. ಶಾಸನಪಾಠದಲ್ಲಿ ಹ್ರಸ್ವವೋ ದೀರ್ಘವೋ ಎಂದು ಒಂದೊಂದೇ ಅಕ್ಷರ ನಿಲ್ಲಿಸಿ ನೋಡಬೇಕು. ಇನ್ನೊಬ್ಬರ ಬಿಡುವನ್ನು ನಂಬಿದ ಓದನ್ನು ಒಳಗೊಳ್ಳುವಿಕೆ ಎಂದು ವಾರ್ಷಿಕ ವರದಿಯಲ್ಲಿ ಬರೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿಯೊಬ್ಬ ಓದುಗರಿಗೂ ಅವರ ಪುಸ್ತಕ ಸಿಗಬೇಕೆಂಬ ಸೂತ್ರವನ್ನು ಎಸ್. ಆರ್. ರಂಗನಾಥನ್ ಮುಂದಿಟ್ಟದ್ದು 1931ರಲ್ಲಿ.

ಹಳೆಯ ಕಡತಗಳನ್ನು ಪರಿವರ್ತಿಸಬಹುದಲ್ಲ ಎನ್ನುವವರು ಅರ್ಕಾವೊತ್ತನ್ನು ಗಮನಿಸಬೇಕು. ‘ಕರ್ನಾಟಕ’ ಎನ್ನುವಲ್ಲಿ ನುಡಿಯ ಸಂಕೇತಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ: ಮೊದಲು ‘ನಾ’, ಆಮೇಲೆ ಅರ್ಕಾವೊತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ರೇಫವೇ ಮೊದಲು. ಪರಿವರ್ತಕವು ಸಂಕೇತ ಬದಲಿಸಿದರೆ ಸಾಲದು, ಸ್ಥಾನವನ್ನೂ ಬದಲಿಸಬೇಕು. ಮಾಡಬಲ್ಲ ಪರಿವರ್ತಕಗಳಿವೆ; ಆದರೆ ಹಳಗನ್ನಡದ ಒತ್ತಕ್ಷರಗಳು ಬಂದ ಪುಟವನ್ನು ಕನ್ನಡ ಬಲ್ಲವರು ಮತ್ತೊಮ್ಮೆ ತಿದ್ದಲೇಬೇಕು. ಅದು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ.

ಹೊಸ ಪ್ರಬಂಧಗಳಿಗೆ ಈ ಖರ್ಚೂ ಇಲ್ಲ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಯುಜಿಸಿ 2009ರ ನಿಯಮದಲ್ಲೇ ಕಡ್ಡಾಯ ಮಾಡಿತು; ಅವು ಶೋಧಗಂಗಾ ಎಂಬ ಪ್ರಬಂಧ ಭಂಡಾರದಲ್ಲಿ ಸೇರುತ್ತಿವೆ. ಪಿಡಿಎಫ್ ಜೊತೆಗೆ ಯುನಿಕೋಡ್ ಮೂಲಕಡತವನ್ನೂ ಕೊಡದೆ ಸ್ವೀಕೃತಿ ಪತ್ರ ಇಲ್ಲವೆಂದು ಗ್ರಂಥಪಾಲಕರು ಹೇಳಿದರೆ ಆಯಿತು. ಕನ್ನಡ ಯುನಿಕೋಡ್‌ಗೆ ಸೇರಿದ್ದು 1991ರಲ್ಲಿ, ನಿನ್ನೆ ಮೊನ್ನೆಯಲ್ಲ.

ಅಂದಹಾಗೆ, ನುಡಿಯ ಹಳೆಯ ಸಂಕೇತದಲ್ಲಿರುವ ಪುಟವನ್ನು ಯುನಿಕೋಡ್ ಪುಟದ ಪಕ್ಕ ಇಟ್ಟರೆ ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೂ ಸಾಮ್ಯ ಕಾಣುವುದಿಲ್ಲ. ಅಂಧ ವಿದ್ಯಾರ್ಥಿನಿಯ ಅರ್ಜಿಗಿಂತ ಈ ಸಂಗತಿಯೇ ಕುಲಸಚಿವರ ಕಚೇರಿಯನ್ನು ಬೇಗ ಎಚ್ಚರಿಸೀತು.